ಬುಟ್ಟಿ ಹೊತ್ತವರ ಅಕ್ಕ

ನನ್ನವ್ವ ವಿದರ್ಭದ ಒಂದು ಕಲ್ಲಿದ್ದಲು ಗಣಿಯಲ್ಲಿ ಹೆಂಗಸರ ಮುಂದಾಳಾಗಿದ್ದಳು. ನಾನು ಕುವೈತಿನ ಸರಕಾರಿ ಆಸ್ಪತ್ರೆಗೆ ನರ್ಸಾಗಿ ಬಂದಾಗ ಕೊಲ್ಲಿ ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು. ಹಾಸ್ಟೆಲಿನ ಹುಡುಗಿಯರು ತಂತಮ್ಮ ಮನೆಯ ಸುದ್ದಿ ಹೇಳುವಾಗ ನಾನು ಅವ್ವನ ಕತೆ ಶುರುಮಾಡುತ್ತಿದ್ದೆ. ಹೇಳಿ ಹೇಳಿ ಅದು ನನಗೆ ಬಾಯಿಪಾಠವಾಗಿತ್ತು. ಎಲ್ಲಿ ತುಸು ನಿಲ್ಲಿಸಿದರೆ ಕೇಳುವವರು 'ಮುಂದೆ?' ಎನ್ನುತ್ತಾರೆಂಬುದೂ ಗೊತ್ತಿತ್ತು. ಈಗ ಆ ಕತೆಯನ್ನು ನಾನು ಯಾರಿಗೂ ಹೇಳುವುದಿಲ್ಲ.

ನಮ್ಮ ಹಿರಿಯರು ಬೀದರ್ ಕಡೆಯವರು. ಅಜ್ಜನ ಕಾಲದಲ್ಲೇ ಒಂದಷ್ಟು ಕುಟುಂಬಗಳು ಒಟ್ಟಾಗಿ ಗಣಿ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದವು. ಅಪ್ಪ ಗಣಿಯೊಳಗೆ ಚಾವಣಿ ಕುಸಿದು ಸತ್ತಾಗ ನಾನಿನ್ನೂ ನಡೆಯಲು ಕಲಿಯುತ್ತಿದ್ದೆನಂತೆ. ಅವನ ಬದಲಿಗೆ ಅವ್ವನಿಗೆ ಕೆಲಸ ಸಿಕ್ಕಿತು. ಹೆಂಗಸರನ್ನು ನೆಲದೊಳಗೆ ಇಳಿಸುವಂತಿಲ್ಲ, ಕಾನೂನಿದೆ. ಅವರದ್ದು ಮೇಲಿನ ಕೆಲಸ. ರಾಶಿ ಬಿದ್ದ ಕಲ್ಲಿದ್ದಲನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಹಲಗೆಯ ಮೇಲೆ ಹತ್ತಿ ರೈಲಿನ ವ್ಯಾಗನ್ನಿಗೆ ಸುರಿಯಬೇಕು. ನನ್ನನ್ನು ಬೀದರಿನಲ್ಲಿ ಸೋದರಮಾವನ ಮನೆಯಲ್ಲಿ ಓದಲು ಬಿಟ್ಟಿದ್ದಳು. ಕನ್ನಡ ಅಕ್ಷರ ಕಲಿತದ್ದು ಅಲ್ಲೇ. ರಜೆ ಬಂತೆಂದರೆ ಕಾಲೊನಿಗೆ ಓಡುತ್ತಿದ್ದೆ.

ತುಂಬಿದ ಬುಟ್ಟಿಯನ್ನು ಯಾರೂ ತಾವೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ. ಇನ್ನೊಬ್ಬರು ಎತ್ತಿ ಕೊಡಬೇಕು. ಹಾಗಾಗಿ ಹೆಂಗಸರು ಜೋಡಿ ಜೋಡಿಯಾಗಿಯೇ ದುಡಿಯುತ್ತಿದ್ದರು. ಅವ್ವನ ಜೋಡಿ ನಮ್ಮ ಪಕ್ಕದ ಕ್ವಾರ್ಟರ್ಸಿನವಳು, ಅವ್ವನಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಅವಳೂ ಗಂಡನನ್ನು ಕಳೆದುಕೊಂಡವಳು. ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ಅವಳಿಗೊಬ್ಬ ಮಗ.

ಒಂದು ವರ್ಷ ಕಂಪನಿ ಹೊಸ ಬುಟ್ಟಿಗಳನ್ನು ತರಿಸಿತು. ನೋಡಲು ಹಳೆಯವುಗಳಂತೆಯೇ ಇದ್ದವು. ಆದರೆ ಸಂಜೆಗೆ ಎಲ್ಲ ಹೆಂಗಸರ ಕುತ್ತಿಗೆ ಸೆಟೆದುಕೊಳ್ಳತೊಡಗಿತು. ಅವ್ವ ಒಂದು ಹಳೆಯ ಬುಟ್ಟಿ ತುಂಬಿ ಹೊಸದಕ್ಕೆ ಸುರಿದು ನೋಡಿದಳು. ಕಲ್ಲಿದ್ದಲು ಅಂಚಿನವರೆಗೆ ಬರಲೇ ಇಲ್ಲ; ಬುಟ್ಟಿ ದೊಡ್ಡದಾಗಿತ್ತು, ಬುಟ್ಟಿಯ ಲೆಕ್ಕದ ಕೂಲಿ ಮಾತ್ರ ಅಷ್ಟೇ. ಮರುದಿನ ಹೆಂಗಸರೆಲ್ಲ ಬುಟ್ಟಿಗಳನ್ನು ಮ್ಯಾನೇಜರನ ಆಫೀಸಿನ ಎದುರು ಬೋರಲು ಹಾಕಿ ಅವುಗಳ ಮೇಲೇ ಕುಳಿತುಬಿಟ್ಟರು. ಹಳಿಯ ಮೇಲೆ ಖಾಲಿ ವ್ಯಾಗನ್ನುಗಳು ನಿಂತವು. ನಾನು ರಜೆಗೆ ಬಂದಿದ್ದೆ, ಎಲ್ಲರಿಗೂ ನೀರು ಕೊಡುತ್ತಿದ್ದೆ. ಕೊನೆಗೆ ಹಳೆಯ ಬುಟ್ಟಿಗಳು ವಾಪಸ್ಸು ಬಂದವು. ಅಲ್ಲಿಯವರೆಗೆ ಹೆಂಗಸರ ಕಡೆ ತಿರುಗಿಯೂ ನೋಡದಿದ್ದ ಯೂನಿಯನ್ನಿನ ಗಂಡಸರು ಅವ್ವನಿಗೆ ಒಂದು ಕುರ್ಚಿ ಕೊಟ್ಟರು. ಮಾತುಕತೆಯ ಮೇಜಿಗೆ ಕುಳಿತ ಒಬ್ಬಳೇ ಹೆಂಗಸು ಅವಳು. ಅವಳು ಮೀಟಿಂಗಿಗೆ ಹೋದ ದಿನ ಅವಳ ಪಾಲಿನ ಬುಟ್ಟಿಗಳನ್ನೂ ಚಿಗವ್ವನೇ ಹೊರುತ್ತಿದ್ದಳು.

ನಾನು ಹೇಳುತ್ತಿದ್ದ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ಅವ್ವ ನಿವೃತ್ತಿಯಾದ ಮೇಲೆ ವಿಸಿಟ್ ವೀಸಾದಲ್ಲಿ ಅವಳನ್ನು ಕುವೈತಿಗೆ ಕರೆಸಿಕೊಂಡೆವು. ಅಷ್ಟೊತ್ತಿಗೆ ನನಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ನನ್ನ ಗಂಡ ಶುವೈಖ್‌ನಲ್ಲಿ ಲಾರಿ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುತ್ತಿದ್ದರು. ಅಬ್ಬಾಸಿಯಾದಲ್ಲಿ ನಮ್ಮ ಬಾಡಿಗೆ ಫ್ಲ್ಯಾಟು. ಎದುರು ಮನೆಯಲ್ಲಿ ಮಂಗಳೂರಿನ ಕೊಂಕಣಿ ಕುಟುಂಬ. ನನ್ನ ಡ್ಯೂಟಿ ಹೊತ್ತಿನಲ್ಲಿ ಅವ್ವನಿಗೆ ಒಬ್ಬರು ಜೊತೆಗಿರಲಿ ಎಂದು ಕೆಲಸದವಳನ್ನು ಹುಡುಕುತ್ತಿದ್ದೆ. ಎದುರು ಮನೆಯಾಕೆ ಬಾಗಿಲಲ್ಲಿ ಸಿಕ್ಕಾಗ ಹೇಳಿದಳು:

"ನಮ್ಮಲ್ಲಿಗೆ ಒಬ್ಬಳು ಬರ್ತಾಳೆ ಮಾರಾಯ್ತಿ, ಒಳ್ಳೆ ಜನ. ಕನ್ನಡವೇ ಮಾತಾಡುದು, ಆದ್ರೆ ನನಗೆ ಅರ್ಧಕ್ಕರ್ಧ ಅರ್ಥ ಆಗುದಿಲ್ಲ. ನಿಮ್ಮ ಬೀದರ್ ಕಡೆಯವಳೇ ಇರ್ಬೇಕು."

"ಕಳಿಸಿಕೊಡಿ" ಎಂದೆ.

ಅವಳು ಬಂದ ದಿನ ನನಗೆ ರಜೆ. ಅವ್ವ ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲು ತೆರೆದರೆ ಬಣ್ಣ ಮಾಸಿದ ನೈಟಿಯ ಮೇಲೆ ದುಪಟ್ಟಾ ಹೊದ್ದ ತೆಳ್ಳನೆಯ ಹೆಂಗಸು.

"ಮೇಡಂ, ಎದುರು ಮನಿಯವರು ಕಳಿಸ್ಯಾರ" ಎಂದವಳ ಕಣ್ಣು ನನ್ನ ಭುಜದಾಚೆ ಹೋಯಿತು. ನನ್ನನ್ನು ಬದಿಗೆ ಸರಿಸಿಕೊಂಡೇ ಒಳಗೆ ಬಂದಳು. "ಅಕ್ಕಾ! ಏ ಅಕ್ಕಾ! ಕೂನ ಹತ್ತಲಿಲ್ಲೇನು?"

ಅವ್ವ ಎದ್ದ ರಭಸಕ್ಕೆ ಸೊಪ್ಪು ಹಾಲಿನ ತುಂಬಾ ಚೆಲ್ಲಿತು. ಇಬ್ಬರೂ ತಬ್ಬಿಕೊಂಡು ನಿಂತರು. ಅವಳು ನಕ್ಕ ಮೇಲೆಯೇ ನನಗೆ ಗುರುತು ಸಿಕ್ಕಿದ್ದು. ಚಿಗವ್ವ. ಅಷ್ಟು ತುಂಬಿಕೊಂಡಿದ್ದ ಮುಖದಲ್ಲಿ ಈಗ ಮೂಳೆಗಳೇ ಕಾಣುತ್ತಿದ್ದವು.

"ನೀ ಯಾಕ ಇಲ್ಲಿ?" ಅವ್ವ ಕೇಳಿದಳು.

"ಮಂದಿ ಯಾಕ ಬರ್ತಾರ, ಅದಕ್ಕ."

"ಮಗ ಎಲ್ಲಿ ಅದಾನ?"

"ಅವ ಚಂದ ಅದಾನ ಬಿಡು. ದೊಡ್ಡ ಡಂಪರ್ ನಡಸ್ತಾನ ಈಗ."

ಆಮೇಲೆ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಉಳಿದದ್ದನ್ನು ಹೇಳಿದಳು. ಮಗನಿಗೆ ಮದುವೆಯಾಯಿತು. ಇವಳ ಹಾಸಿಗೆ ಮೊದಲು ನಡುಮನೆಗೆ, ಆಮೇಲೆ ಒಲೆಯ ಪಕ್ಕಕ್ಕೆ, ಕೊನೆಗೆ ಹೊರಗಿನ ಸೌದೆ ಕೋಣೆಗೆ ಬಂತು. ಒಂದು ದಿನ ಸೊಸೆಯ ಜೊತೆ ಮಾತಿಗೆ ಮಾತು ಬೆಳೆದಾಗ ಮಗ, "ಕ್ವಾರ್ಟರ್ಸ್ ನನ್ನ ಹೆಸರಿಲೆ ಅದ" ಎಂದ. ಅಷ್ಟೇ ಅಂದದ್ದು ಎಂದಳು. ಯಾರೋ ಏಜೆಂಟ್ ಪಾಸ್‌ಪೋರ್ಟಿನಲ್ಲಿ ವಯಸ್ಸು ಕಡಿಮೆ ಬರೆಸಿ ಮನೆಗೆಲಸಕ್ಕೆಂದು ಇಲ್ಲಿಗೆ ಕಳಿಸಿದ. ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ತೀರಿಕೊಂಡ ಮೇಲೆ ಕಫೀಲ್, ಅಂದರೆ ಅವಳನ್ನು ಕರೆಸಿಕೊಂಡ ಮಾಲೀಕ, ಇಕಾಮಾ ಎಂಬ ವಾಸದ ಪರವಾನಗಿ ಮುಂದುವರಿಸಲಿಲ್ಲ. ಈಗ ನಾಲ್ಕಾರು ಹೆಂಗಸರ ಜೊತೆ ಒಂದು ರೂಮಿನಲ್ಲಿದ್ದು, ಪೊಲೀಸರ ಕಣ್ಣು ತಪ್ಪಿಸಿ ಮನೆ ಮನೆ ಕೆಲಸ ಮಾಡುತ್ತಿದ್ದಳು. ದೂರುವ ದನಿಯೇ ಇರಲಿಲ್ಲ. ಪೇಟೆಗೆ ಹೋಗಿ ಬಂದ ಸುದ್ದಿ ಹೇಳಿದ ಹಾಗೆ ಹೇಳಿದಳು.

ಅವ್ವ ಲಟ್ಟಣಿಗೆ ಹಿಡಿದುಕೊಂಡು ನಿಂತೇ ಇದ್ದಳು. ಅವಳ ಮುಖ ಯಾಕೆ ಹಾಗಾಯಿತು ಎಂದು ನನಗೆ ಆಗ ತಿಳಿಯಲಿಲ್ಲ. ತಿಳಿಯಬೇಕಾದರೆ ನಾನು ನರ್ಸಿಂಗ್ ಓದುತ್ತಿದ್ದ ವರ್ಷಗಳಿಗೆ ಹೋಗಬೇಕು.

ಆಗ ಗಣಿಗೆ ಕಲ್ಲಿದ್ದಲು ತುಂಬುವ ಯಂತ್ರಗಳು ಬಂದವು. ಬುಟ್ಟಿಯ ಹೆಂಗಸರು ಬೇಡವಾದರು. ಅವರನ್ನು ಸುಮ್ಮನೆ ತೆಗೆದುಹಾಕುವಂತಿರಲಿಲ್ಲ, ಎಲ್ಲರೂ ಪರ್ಮನೆಂಟ್. ಹಾಗಾಗಿ ಒಂದು ಒಪ್ಪಂದವಾಯಿತು. ಹೆಂಗಸು ತಾನಾಗಿ ಕೆಲಸ ಬಿಟ್ಟರೆ ಅವಳ ಬದಲಿಗೆ ಮಗನಿಗೋ ಅಳಿಯನಿಗೋ ನೌಕರಿ. ಯೂನಿಯನ್ ಒಪ್ಪಿತು. ಆದರೆ ಗಂಡಸರ ಮಾತನ್ನು ಹೆಂಗಸರು ನಂಬುತ್ತಿರಲಿಲ್ಲ, ಅವ್ವನನ್ನು ನಂಬುತ್ತಿದ್ದರು. ಅವ್ವ ಮನೆ ಮನೆಗೆ ಹೋಗಿ ಕುಳಿತು ಒಪ್ಪಿಸಿದಳು. ಮಗ ದುಡೀತಾನ, ನೀ ಕುಂತು ಉಣ್ಣು ಎಂದಳು. ಅವಳೂ ಅದನ್ನೇ ನಂಬಿದ್ದಳೆಂದು ನನ್ನ ಎಣಿಕೆ. ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಚಿಗವ್ವನೂ ಒತ್ತಿದಳು; ಮುಂದೆ ಮಗನಿಗೆ ದೂರದ ಗಣಿಗೆ ವರ್ಗವಾಗಿ ಅವರು ಕಾಲೊನಿ ಬಿಟ್ಟ ಮೇಲೆ ಅವಳ ಸುದ್ದಿಯೇ ಇರಲಿಲ್ಲ.

ಅವ್ವ ಒತ್ತಲಿಲ್ಲ. ಅವಳಿಗಿದ್ದವಳು ಮಗಳು, ಅದೂ ಮದುವೆಯಾಗದವಳು. ಆ ಒಪ್ಪಂದದಲ್ಲಿ ಹೆಣ್ಣುಮಗಳಿಗೆ ನೌಕರಿ ಇರಲಿಲ್ಲ. ಹಾಗಾಗಿ ಅವ್ವನ ಕೆಲಸ ಉಳಿಯಿತು. ಅವಳನ್ನು ಕ್ಯಾಂಟೀನಿಗೆ ಹಾಕಿದರು, ನಿವೃತ್ತಿಯವರೆಗೂ ಸಂಬಳ ಬಂತು. ಅದೇ ಸಂಬಳದಲ್ಲಿ ನಾನು ನರ್ಸಿಂಗ್ ಮುಗಿಸಿ ಕುವೈತಿಗೆ ಬಂದೆ. ಚಿಗವ್ವ ನನ್ನ ಅಡುಗೆಮನೆಯಲ್ಲಿ ಕುಕ್ಕರಿನ ತಳ ತಿಕ್ಕುವುದನ್ನು ನೋಡುವವರೆಗೆ ಅವರ ಹೆಬ್ಬೆಟ್ಟನ್ನೂ ನನ್ನ ಓದನ್ನೂ ನಾನು ಒಟ್ಟಿಗೆ ಇಟ್ಟು ಯೋಚಿಸಿಯೇ ಇರಲಿಲ್ಲ.

ಅವಳು ದಿನಾ ಬರತೊಡಗಿದಳು. ಅವ್ವ ನಸುಕಿಗೇ ಎದ್ದು, ಅವಳು ಬರುವ ಮೊದಲೇ ನೆಲ ಒರೆಸಿ, ಪಾತ್ರೆ ತೊಳೆದು, ಬಟ್ಟೆ ಒಣಹಾಕಿ ಮುಗಿಸಿಬಿಡುತ್ತಿದ್ದಳು. ಚಿಗವ್ವ ಬಂದರೆ ಮಾಡಲು ಏನೂ ಇರುತ್ತಿರಲಿಲ್ಲ. ಒಂದೆರಡು ದಿನ ಅವಳು ಸುಮ್ಮನಿದ್ದಳು. ಆಮೇಲೊಂದು ದಿನ ಅವ್ವನ ಕೈಯಿಂದ ಪೊರಕೆ ಕಿತ್ತುಕೊಂಡಳು.

"ಬಿಡು ಅಕ್ಕಾ."

"ನೀ ಕುಂದ್ರು. ನಾ ಮಾಡ್ತೀನಿ."

"ಕೆಲಸ ಇಲ್ಲಂದ್ರ ಕರೀಬ್ಯಾಡ್ರಿ. ಸುಮ್ನ ಕುಂತು ರೊಕ್ಕ ತಗೊಳ್ಳಾಕ ನಾ ಏನ್ ಭಿಕ್ಷಾದಾಕಿ?"

ಅವ್ವ ಪೊರಕೆ ಬಿಟ್ಟಳು. ಹೋಗಿ ಬಾಲ್ಕನಿಯಲ್ಲಿ ನಿಂತಳು. ಚಿಗವ್ವ ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ನಾನು ನಡುವೆ ನಿಂತು, ಇಬ್ಬರಿಗೂ ಚಹಾ ಮಾಡಲೇ ಎಂದು ಕೇಳಿದೆ.

ಆ ಹೊತ್ತಿಗೆ ಇನ್ನೊಂದು ವಿಷಯ ನಿಶ್ಚಯವಾಗಿ ಹೋಗಿತ್ತು. ಇಲ್ಲಿನ ಕನ್ನಡಿಗರು ಒಂದು ಶುಕ್ರವಾರ ಸೇರಿ, ಊರಿನಿಂದ ಬಂದ ಹಿರಿಯರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವ್ವನ ಹೆಸರು ಕೊಟ್ಟವಳು ನಾನೇ. ಪರಿಚಯದ ಮಾತುಗಳನ್ನು ಬರೆದುಕೊಟ್ಟವಳೂ ನಾನೇ.

"ನನಗ ಬ್ಯಾಡವ್ವಾ" ಅಂದಳು ಅವ್ವ. "ಹೊಟ್ಟಿನೋವು ಅಂತ ಹೇಳು."

"ಎಲ್ಲರಿಗೂ ಹೇಳಿ ಆಗ್ಯದ. ಈಗ ಹಿಂದ ಸರಿದ್ರ ಅವರಿಗೆ ಹೆಂಗ ಮುಖ ತೋರಿಸ್ಲಿ? ಬಂದು ಎರಡು ಮಾತು ಆಡಿ ಕುಂದ್ರು."

ಅಬ್ಬಾಸಿಯಾದ ಒಂದು ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಮಕ್ಕಳ ಡ್ಯಾನ್ಸು, ತುಳು ಹಾಡು, ಆಮೇಲೆ ಹಿರಿಯರ ಸರದಿ. ಶಾಲು ಹೊದಿಸಿ ಮೈಕು ಕೊಟ್ಟರು. ಅವ್ವ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಜನರನ್ನು ನೋಡಿದಳು. ಹೊಟ್ಟೆನೋವಿನ ನೆಪವೇ ಒಳ್ಳೆಯದಿತ್ತೇನೋ ಎಂದುಕೊಂಡೆ. ಆಮೇಲೆ ಶುರುಮಾಡಿದಳು. ಬುಟ್ಟಿಯ ಕತೆ. ಮೊದಲು ಮೆಲ್ಲಗೆ, ಆಮೇಲೆ ದನಿ ಏರಿತು. ಬುಟ್ಟಿ ಬೋರಲು ಹಾಕಿದ್ದನ್ನು ಕೈಯಲ್ಲಿ ಮಾಡಿ ತೋರಿಸಿದಳು. ಮ್ಯಾನೇಜರನ ಹಿಂದಿಯನ್ನು ಅಣಕಿಸಿದಳು. ಜನ ನಕ್ಕರು, ಶಿಳ್ಳೆ ಹೊಡೆದರು, ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವ್ವನ ಮುಖ ಅರಳಿತ್ತು. ನನ್ನ ಗಂಡ ನನ್ನ ಕಡೆ ತಿರುಗಿ, "ನಿನ್ನವ್ವ ಭಾರಿ ಗಟ್ಟಿಗಿತ್ತಿ" ಅಂದರು.

ಹಾಲಿನ ಹಿಂಬದಿಯಲ್ಲಿ ಊಟದ ಮೇಜುಗಳಿದ್ದವು. ಬಡಿಸಲು, ತಟ್ಟೆ ಎತ್ತಲು ಕೆಲವು ಹೆಂಗಸರನ್ನು ಕರೆಸಿದ್ದರು. ಅವರ ನಡುವೆ ಚಿಗವ್ವ ನಿಂತಿದ್ದಳು. ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟು ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಅವ್ವ ವೇದಿಕೆಯ ಮೆಟ್ಟಿಲು ಇಳಿಯುವಾಗ ಅವಳನ್ನು ಕಂಡಳು. ಶಾಲನ್ನು ಅಲ್ಲೇ ತೆಗೆದು ನನ್ನ ಕೈಗೆ ಕೊಟ್ಟು, "ಮನಿಗಿ ನಡಿ" ಎಂದಳು. ಊಟಕ್ಕೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ನಾನು ಯೂನಿಫಾರ್ಮ್ ಹಾಕಿಕೊಂಡು ಆಸ್ಪತ್ರೆಯ ಬಸ್ಸಿಗೆ ಹೊರಟಿದ್ದೆ. ಚಿಗವ್ವ ಬಂದಳು. ಅವ್ವ ಅವಳ ಕೈ ಹಿಡಿದು ಸೋಫಾದ ಮೇಲೆ ಕೂರಿಸಿ ತಾನು ಎದುರಿಗೆ ನೆಲದ ಮೇಲೆ ಕುಳಿತಳು.

"ನಿನ್ನೆ ಚಲೋ ಮಾತಾಡ್ದಿ ಅಕ್ಕಾ" ಚಿಗವ್ವ ಅಂದಳು. "ಎಲ್ಲಾ ಕಣ್ಣಮುಂದ ಬಂದಂಗಾಯ್ತು."

"ಹೆಬ್ಬೆಟ್ಟು ಹಾಕೋ ಮೊದಲ ನೀ ನನಗ ಒಂದ ಮಾತು ಹೇಳಿದ್ದಿ. ನೆನಪದ ಏನು?"

"ಯಾವದು? ಕ್ವಾರ್ಟರ್ಸ್ ಮಾತು?"

"ಹೂಂ. ನೌಕರಿ ಮಗನಿಗೆ ಹೋಗ್ಲಿ, ಮನಿ ನಾವು ಇರೋತನಕ ನಮ್ಮ ಹೆಸರಿಲೆ ಇರ್ಲಿ, ಇದನ್ನ ಮ್ಯಾನೇಜರಗ ಕೇಳು ಅಂದಿದ್ದಿ."

"ನೀ ಕೇಳ್ದಿ. ಆಗಂಗಿಲ್ಲ ಅಂದ. ಇನ್ನೇನ್ ಮಾಡಾಕಾಗ್ತದ."

"ನಾ ಕೇಳಿದ್ದೇ ಇಲ್ಲ."

ಚಿಗವ್ವ ಸೋಫಾದಿಂದ ಮುಂದಕ್ಕೆ ಬಾಗಿದಳು. "ಆಗಂಗಿಲ್ಲ ಅಂದ ಅಂತ ನೀನೇ ಬಂದು ಹೇಳಿದ್ದಿ."

"ಸುಳ್ಳು ಹೇಳ್ದೆ."

"ಯಾಕ?"

ಅವ್ವ ನೆಲ ನೋಡುತ್ತಾ ಹೇಳಿದಳು. "ಕೇಳಬೇಕು ಅಂತನೇ ಹೋಗಿದ್ದೆ. ಮ್ಯಾನೇಜರ ಎದ್ದು ನಿಂತು, ಈ ಹೆಣ್ಮಗಳು ಇರದಿದ್ರ ಈ ಮಾತುಕತಿ ಮುಗೀತಿದ್ದಿಲ್ಲ ಅಂದ. ನಮ್ಮ ಯೂನಿಯನ್ನಿನ ಗಂಡಸರೂ ಚಪ್ಪಾಳಿ ಹೊಡದ್ರು. ಅಷ್ಟು ವರ್ಷ ನನ್ನ ಮಾರಿ ನೋಡಿ ಮಾತಾಡದವ್ರು. ಆಮ್ಯಾಲ ಇನ್ನೊಂದು ಕೇಳಾಕ ಬಾಯಿ ಬರ್ಲಿಲ್ಲ. ನಾಳಿ ಕೇಳ್ತೀನಿ ಅಂದ್ಕೊಂಡೆ. ನಾಳಿ ಬರಲೇ ಇಲ್ಲ. ನಿನ್ನೆನೂ ಹಂಗೇ ಆಯ್ತು. ಚಪ್ಪಾಳಿ ಕೇಳಿದ್ರ ನಾ ಎಲ್ಲಾ ಮರಿತೀನಿ."

ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ನಾನು ಬಾಗಿಲ ಹಿಡಿಕೆ ಹಿಡಿದುಕೊಂಡು ನಿಂತಿದ್ದೆ. ಹೋಗಲೂ ಆಗಲಿಲ್ಲ, ಅವರ ಮುಖ ನೋಡಲೂ ಆಗಲಿಲ್ಲ.

ಚಿಗವ್ವ ಹೇಳಿದಳು, "ಇಷ್ಟು ವರ್ಷ ನಾ ಆ ಮ್ಯಾನೇಜರಗ ಬೈದೀನಿ, ಅಕ್ಕಾ."

ಎದ್ದು ಅಡುಗೆಮನೆಗೆ ಹೋದಳು. ಇದ್ದ ನಾಲ್ಕು ಪಾತ್ರೆ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು. ಅವ್ವ ತಡೆಯಲಿಲ್ಲ.

ಮತ್ತೆ ಅವಳು ನಮ್ಮ ಮನೆಗೆ ಬರಲಿಲ್ಲ. ಎದುರು ಮನೆಗೆ ಮಾತ್ರ ಬಂದು ಹೋಗುತ್ತಿದ್ದಳು. ಅವಳ ಹೆಜ್ಜೆ ಸಪ್ಪಳಕ್ಕೆ ಅವ್ವ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು, ಆದರೆ ಬಾಗಿಲು ತೆರೆಯುತ್ತಿರಲಿಲ್ಲ. ಅಜ್ಜಿ ಯಾಕೆ ಅಲ್ಲಿ ಕೂರುತ್ತಾಳೆ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಗಾಳಿ ಬರ್ತದೆ ಅದಕ್ಕೆ ಎಂದೆ.

"ಅವ್ವಾ, ನೀ ಬೇಕಂತ ಮಾಡಿದ್ದೇನಲ್ಲ" ಎಂದು ನಾನು ಸಮಾಧಾನ ಹೇಳಲು ಹೋದೆ.

"ನಿನಗ ಹಂಗ ಅನಸಬೇಕು, ಅನಸ್ತದ" ಎಂದಳು. "ನೀ ಉಂಡದ್ದು ಅದರಾಗಿಂದೇ."

ಅವಳು ನನಗೆ ಅಷ್ಟು ಕಟುವಾಗಿ ಮಾತಾಡಿದ್ದು ಅದೊಂದೇ ಸಲ.

ಊರಿಗೆ ಹೊರಡುವ ಮೊದಲು ಅವ್ವ ಕೆಳಗಿಳಿದು ಕಟ್ಟಡದ ಬಾಗಿಲಲ್ಲಿ, ಬಕಾಲಾ ಅಂಗಡಿಯ ಪಕ್ಕ ಕಾದು ನಿಂತಳು. ಜೂನ್ ತಿಂಗಳ ಬಿಸಿಲು, ಗಾಳಿಯೆಂದರೆ ಒಲೆಯ ಬಾಯಿ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಚಿಗವ್ವ ಬಂದಳು. ಅವ್ವ ಒಂದು ಹೆಜ್ಜೆ ಮುಂದೆ ಬಂದಳು. ಚಿಗವ್ವ ನಿಲ್ಲಲಿಲ್ಲ. ಹಾದುಹೋಗುತ್ತಾ ಏನೋ ಅಂದಳು. ಅವ್ವ ಮೇಲೆ ಬಂದ ಮೇಲೆ ಕೇಳಿದೆ.

"ಬಿಸಿಲಾಗ ನಿಂದ್ರಬ್ಯಾಡ, ಒಳಗ ಹೋಗು ಅಂದ್ಲು. ಅಷ್ಟೇ."

ಅವ್ವ ವೀಸಾ ಮುಗಿಯುವ ಮೊದಲೇ ಹೊರಟುಹೋದಳು. ಗಣಿ ಕಾಲೊನಿಯ ಗೇಟಿನ ಹೊರಗಿನ ಬಸ್ತಿಯಲ್ಲಿ ಅವಳಿಗೊಂದು ಸಣ್ಣ ಮನೆಯಿತ್ತು. ಅಲ್ಲಿಂದ ಅವಳು ಹೆಬ್ಬೆಟ್ಟು ಒತ್ತಿದ ಹೆಂಗಸರ ಮನೆಗಳಿಗೆ ಒಬ್ಬೊಬ್ಬರಂತೆ ಹೋದಳು. ಫೋನಿನಲ್ಲಿ ನನಗೆ ಸ್ವಲ್ಪ ಸ್ವಲ್ಪ ಹೇಳುತ್ತಿದ್ದಳು. ಒಬ್ಬಳು ಬಸ್ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುತ್ತಿದ್ದಳು, ಇವಳನ್ನು ಕಂಡು ಬುಟ್ಟಿ ಎತ್ತಿಕೊಂಡು ಆಚೆ ಹೋದಳು. ಇನ್ನೊಬ್ಬಳು ಒಳಗೆ ಕರೆದು ಊಟ ಹಾಕಿ, "ನನ್ನ ಮಗ ಬಂಗಾರದಂಥವ, ನೀ ಯಾಕ ಅಳ್ತಿ?" ಎಂದಳಂತೆ. ಅದಕ್ಕೂ ಅವ್ವನಿಗೆ ನಾಚಿಕೆಯೇ. ಅಂಥವರೂ ಇದ್ದಾರೆಂದು ಮನಸ್ಸು ಹಗುರವಾಯಿತಲ್ಲ ಎಂದು.

ಚಿಗವ್ವನ ಮಗನ ಬಾಗಿಲಿಗೂ ಹೋದಳು. "ಮನಿ ಮಾತು ಮನ್ಯಾಗ ಇರ್ಲಿ, ದೊಡ್ಡವ್ವಾ. ಅವತ್ತು ಈ ನೌಕರಿ ನೀನೇ ಬಂದು ಕೊಡ್ಸಿದ್ದಿ" ಎಂದು ಅವನು ಬಾಗಿಲು ಹಾಕಿಕೊಂಡ. ಯೂನಿಯನ್ ಆಫೀಸಿಗೆ ಹೋಗಿ, ಕೆಲಸ ಬಿಟ್ಟ ಹೆಂಗಸರಿಗೆ ತಲೆಯ ಮೇಲೊಂದು ಸೂರು ಕೇಳಿ ಎಂದಳು. ಈಗಿನ ಹುಡುಗರು ಕುರ್ಚಿ ಕೊಟ್ಟು, ಚಹಾ ತರಿಸಿ, ಜೊತೆಗೆ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಏನೂ ಆಗಲಿಲ್ಲ. ಅವಳು ಮತ್ತೆ ಮತ್ತೆ ಹೋದಳು. ಕೊನೆಕೊನೆಗೆ ಚಹಾ ಬರುವುದೂ ನಿಂತಿತು ಎಂದು ನಕ್ಕಳು.

ಕೆಲ ವರ್ಷಗಳ ಮೇಲೆ, ಇಕಾಮಾ ಇಲ್ಲದವರು ದಂಡವಿಲ್ಲದೆ ಊರಿಗೆ ಹೋಗಬಹುದೆಂದು ಕುವೈತ್ ಸರಕಾರ ಅವಕಾಶ ಕೊಟ್ಟಿತು. ಒಂದು ಮಧ್ಯಾಹ್ನ ಚಿಗವ್ವ ನಮ್ಮ ಮನೆಯ ಬೆಲ್ ಒತ್ತಿದಳು. ಒಳಗೆ ಬರಲಿಲ್ಲ.

"ಪಾಸ್‌ಪೋರ್ಟ್ ಕಫೀಲ್‌ನ ಹತ್ರ ಅದ. ನನಗ ಅರಬಿ ಓದಾಕ ಬರಂಗಿಲ್ಲ. ನಿನ್ನ ಗಂಡನಿಗೆ ಹೇಳ್ತೀಯೇನು?"

ನಾವಿಬ್ಬರೂ ಅವಳ ಜೊತೆ ಆಫೀಸಿನಿಂದ ಆಫೀಸಿಗೆ ಓಡಾಡಿದೆವು. ಏರ್‌ಪೋರ್ಟಿಗೆ ಬಿಡಲು ಹೋದ ದಿನ ಕಾರಿನಲ್ಲಿ, ಅವ್ವ ತನ್ನ ಮನೆಗೇ ಬಂದಿರು ಅಂದಿದ್ದಾಳೆ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಒಂದ ಓಣಿ ಸಾಕು. ಒಂದ ಮನಿ ಬ್ಯಾಡ."

ಹಾಗೆಯೇ ಮಾಡಿದಳು. ಅವ್ವನ ಓಣಿಯಲ್ಲೇ ಒಂದು ಕೋಣೆ ಹಿಡಿದು, ರೊಟ್ಟಿ ಬಡಿದು ಮಾರತೊಡಗಿದಳು. ಇಬ್ಬರ ನಡುವೆ ಮಾತು ಇತ್ತು, ಆದರೆ ಹಳೆಯ ಸಲಿಗೆ ಇರಲಿಲ್ಲ. ಅವ್ವ ಅವಳ ಹತ್ತಿರವೇ ರೊಟ್ಟಿ ಕೊಳ್ಳುತ್ತಿದ್ದಳು, ಅವಳು ಬೇರೆಯವರಿಗೆ ಕೊಟ್ಟ ಹಾಗೆಯೇ ಕೊಡುತ್ತಿದ್ದಳು.

ಅವ್ವ ತೀರಿಕೊಳ್ಳುವ ಹಿಂದಿನ ವರ್ಷ ರಜೆಗೆ ಹೋಗಿದ್ದೆ. ಓಣಿಯ ನಲ್ಲಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು ಬರುತ್ತಿತ್ತು. ಕೊಡಗಳ ಸಾಲಿನಲ್ಲಿ ಅವ್ವನ ಹಿಂದೆ ಚಿಗವ್ವ ನಿಂತಿದ್ದಳು. ಸರದಿ ಬಂದಾಗ ಅವ್ವ ಪಕ್ಕಕ್ಕೆ ಸರಿದು ಚಿಗವ್ವನಿಗೆ, "ನೀ ಹಿಡಿ ಮೊದಲ" ಎಂದಳು. ದಿನಾ ಹೀಗೇ ಮಾಡುತ್ತಿದ್ದಳೆಂದು ಕಾಣುತ್ತದೆ, ಹಿಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

ಚಿಗವ್ವನಿಗೆ ಸಿಟ್ಟು ನೆತ್ತಿಗೇರಿತು. "ಏ, ಸಾಕು ಮಾಡು! ಎಷ್ಟು ದಿನ ಹಿಂಗ ಸರಕೋತ ನಿಂದ್ರಾಕಿ? ನಿನ್ನ ಪಾಳಿ ಬಂದಾಗ ನೀ ಹಿಡಿ, ನನ್ನ ಪಾಳಿ ಬಂದಾಗ ನಾ ಹಿಡಿತೀನಿ. ನಿನ್ನ ಉಪಕಾರ ನನಗ ಬ್ಯಾಡ."

ಅವ್ವ ಎಲ್ಲರೆದುರು ಬೈಸಿಕೊಂಡ ಹುಡುಗಿಯ ಹಾಗೆ ತಲೆ ತಗ್ಗಿಸಿದಳು. ಆಮೇಲೆ ತನ್ನ ಕೊಡವನ್ನು ಮುಂದಕ್ಕೆ ತಳ್ಳಿ ನಲ್ಲಿಯ ಕೆಳಗೆ ಇಟ್ಟಳು. ತುಂಬಿದ ಮೇಲೆ ಎತ್ತಲು ಹೋದರೆ ಮೊಣಕಾಲು ಕೇಳಲಿಲ್ಲ. ನಾನು ಓಡಿ ಬರುವಷ್ಟರಲ್ಲಿ ಚಿಗವ್ವ ಬಾಗಿ, ಇನ್ನೊಂದು ಬದಿಯಿಂದ ಕೊಡ ಹಿಡಿದು, ಅವ್ವನ ಸೊಂಟಕ್ಕೆ ಏರಿಸಿ, ತನ್ನ ಕೊಡ ಇಡಲು ನಲ್ಲಿಯ ಕಡೆ ತಿರುಗಿದಳು.